ಹಳೇ ರೈಟರ್‌ಗೊಂದು ಹೊಸ ಡಬ್ಬಿ

ನಗರಗೆರೆಯಲ್ಲಿ ಯಾರ ಮನೆಯ ಬೀರು ತೆಗೆದರೂ ಸೀರೆಗಳ ಅಡಿಯಲ್ಲಿ, ಪಹಣಿ, ಕ್ರಯಪತ್ರಗಳ ಜೊತೆಯಲ್ಲಿ ಒಂದೆರಡು ಡಿವಿಡಿ ಸಿಕ್ಕೇ ಸಿಗುತ್ತವೆ. ಮಗಳ ಮದುವೆಯದು, ಗೃಹಪ್ರವೇಶದ್ದು, ಊರಹಬ್ಬದಲ್ಲಿ ಆಡಿದ ಕುರುಕ್ಷೇತ್ರ ನಾಟಕದ್ದು. ಅವನ್ನು ಹಾಕಿ ನೋಡುವ ಯಂತ್ರ ಮಾತ್ರ ಊರೆಲ್ಲ ಹುಡುಕಿದರೂ ಸಿಗುವುದು ಕಷ್ಟ. ಟಿ.ವಿ. ಕೆಳಗೆ ಕೂತಿದ್ದ ಪ್ಲೇಯರ್‌ಗಳು ಗುಜರಿ ಸೇರಿದವು. ಕಾಲೇಜಿಗೆ ಹೋಗುವ ಮಕ್ಕಳ ಹೊಸ ಲ್ಯಾಪ್‌ಟಾಪಿಗೆ ಡಿಸ್ಕ್ ಹಾಕುವ ಟ್ರೇಯೇ ಇಲ್ಲ. ಹಾಗಾಗಿ ನನ್ನ ಅಂಗಡಿಯಲ್ಲಿ ಜೆರಾಕ್ಸ್ ಮೆಷಿನ್ ಪಕ್ಕ ಇಟ್ಟಿರುವ ಒಂದು ಚಪ್ಪಟೆ ಕಪ್ಪು ಡಬ್ಬಿಗೆ ಈಗ ಎಲ್ಲಿಲ್ಲದ ಮರ್ಯಾದೆ.

ಡಬ್ಬಿಯ ಒಳಗಿರುವುದು ಹಳೇ ಲ್ಯಾಪ್‌ಟಾಪ್ ಒಂದರ ಡಿವಿಡಿ ರೈಟರ್. ಲ್ಯಾಪ್‌ಟಾಪಿನ ಬೋರ್ಡ್ ಸುಟ್ಟು ಅದು ಕೆಲಸಕ್ಕೆ ಬಾರದಾಯಿತು. ರೈಟರ್ ಇನ್ನೂ ಗಟ್ಟಿಯಾಗಿತ್ತು. ಅದನ್ನು ಬಿಚ್ಚಿ, ಯುಎಸ್‌ಬಿ ಕೇಬಲ್ ಇರುವ ಒಂದು ಕೇಸಿಂಗ್‌ಗೆ ಹಾಕಿದೆ. ಈಗ ಯಾವ ಕಂಪ್ಯೂಟರಿಗೆ ಚುಚ್ಚಿದರೂ ಅದು ಆ ಕಂಪ್ಯೂಟರಿನದೇ ಡ್ರೈವ್ ಆಗುತ್ತದೆ. ಡ್ರೈವರ್ ಸಾಫ್ಟ್‌ವೇರ್ ಹಾಕಬೇಕಾಗಿಲ್ಲ, ಸಿಡಿ ಡ್ರೈವ್ ಜೊತೆ ಮಾತಾಡುವುದು ಹೇಗೆಂದು ವಿಂಡೋಸಿಗೂ ಲಿನಕ್ಸಿಗೂ ಮೊದಲೇ ಗೊತ್ತು.

ನಾನು ಮೂಲದಲ್ಲಿ ವಿಡಿಯೊದವನು. ಗೌರಿಬಿದನೂರು ತಾಲ್ಲೂಕಿನ ಈ ಹೋಬಳಿಯಲ್ಲಿ ಮದುವೆ ಎಂದರೆ ಅರ್ಧ ಕನ್ನಡ, ಅರ್ಧ ತೆಲುಗು. ಹೆಣ್ಣಿನ ಕಡೆಯವರು ಹಿಂದೂಪುರದಿಂದ ಬಂದರೆ ಗಂಡಿನ ಕಡೆಯವರು ಚಿಂತಾಮಣಿಯವರು. ಮಿನಿ ಡಿವಿ ಕ್ಯಾಸೆಟ್ಟಿನಲ್ಲಿ ಷೂಟ್ ಮಾಡಿ, ಮಿಕ್ಸಿಂಗ್ ಮಾಡಿಸಿ, ಕೊನೆಗೆ ಡಿಸ್ಕಿಗೆ ರೈಟ್ ಮಾಡಿ, ಗಂಡುಹೆಣ್ಣಿನ ಫೋಟೊ ಅಂಟಿಸಿದ ಪೆಟ್ಟಿಗೆಯಲ್ಲಿಟ್ಟು ಕೊಡುತ್ತಿದ್ದೆವು. ಕ್ಯಾಸೆಟ್ಟುಗಳನ್ನು ಮತ್ತೆ ಮತ್ತೆ ಬಳಸುತ್ತಿದ್ದದ್ದರಿಂದ ಮೂಲ ಚಿತ್ರಣ ಯಾವ ಸ್ಟುಡಿಯೊದಲ್ಲೂ ಉಳಿದಿರುವುದಿಲ್ಲ. ಉಳಿದಿದ್ದರೆ ಆ ಡಿಸ್ಕಿನಲ್ಲೇ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ‘ಸ್ಟುಡಿಯೊದವರ ಹತ್ತಿರ ಇನ್ನೊಂದು ಕಾಪಿ ಇರುತ್ತೆ ಬಿಡು’ ಎಂಬ ನಂಬಿಕೆ ನಮ್ಮ ಕಡೆ ಬಹಳ ಬಲವಾಗಿದೆ.

ಆ ಕಾಲಕ್ಕೆ ಖಾಲಿ ಡಿಸ್ಕ್ ಎಂದರೆ ಮೋಸರ್ ಬೇಯರ್. 1983ರಲ್ಲಿ ಶುರುವಾದ ಈ ಕಂಪನಿ ಮುಂದೆ ನೊಯ್ಡಾದ ಕಾರ್ಖಾನೆಗಳಲ್ಲಿ ಡಿಸ್ಕ್ ಒತ್ತಿ ದೇಶಕ್ಕೆಲ್ಲ ಹಂಚಿತು. ಸಿನಿಮಾ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಿ ಪೈರಸಿಯವರಿಗೇ ನಡುಕ ಹುಟ್ಟಿಸಿತ್ತು. 2018ರಲ್ಲಿ ಕಂಪನಿ ದಿವಾಳಿಯಾಗಿ, ಆಸ್ತಿ ಮಾರಿ ಸಾಲ ತೀರಿಸಿ ಎಂದು ಕಂಪನಿ ಕಾನೂನು ನ್ಯಾಯಮಂಡಳಿ ಆದೇಶ ಕೊಟ್ಟಿತು. ಹೊರದೇಶದಲ್ಲೂ ಇದೇ ಕಥೆ. ಆಪಲ್ 2008ರಲ್ಲಿ ಮ್ಯಾಕ್‌ಬುಕ್ ಏರ್ ತಂದಾಗ ಅದರೊಳಗೆ ಡಿವಿಡಿ ಡ್ರೈವ್ ಇರಲಿಲ್ಲ, ಬೇಕಾದವರಿಗೆ ಹೊರಗಿನ ಡ್ರೈವನ್ನು ಬೇರೆಯಾಗಿ ಮಾರಿತು. ಮಿಕ್ಕ ಕಂಪನಿಗಳೂ ಅದೇ ದಾರಿ ಹಿಡಿದವು. ರೈಟ್ ಮಾಡುವ ಬ್ಲೂ-ರೇ ಡಿಸ್ಕುಗಳ ತಯಾರಿಕೆಯನ್ನು ಸೋನಿ 2025ರ ಫೆಬ್ರವರಿಯಲ್ಲಿ ನಿಲ್ಲಿಸಿಬಿಟ್ಟಿತು. ಡಿಸ್ಕ್ ಓದುವ ಯಂತ್ರ ಇನ್ನು ಮುಂದೆ ಸುಲಭವಾಗಿ ಸಿಗುವ ಸಾಮಾನಲ್ಲ ಎಂದು ತಿಳಿದುಕೊಂಡೇ ನಡೆಯಬೇಕು.

ಹಳೇ ಡ್ರೈವುಗಳು ಮಾತ್ರ ನಮ್ಮ ಸುತ್ತಲೇ ಬಿದ್ದಿವೆ. ನಿಧಾನವಾದ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಹಾಕಿಸಲು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದವರನ್ನು ಕೇಳಿ ನೋಡಿ. ಮೆಕ್ಯಾನಿಕ್ ಡಿವಿಡಿ ಡ್ರೈವನ್ನು ಹೊರಗೆಳೆದು, ಆ ಜಾಗಕ್ಕೆ ಕ್ಯಾಡಿ ಎಂಬ ತಟ್ಟೆಯಲ್ಲಿ ಹಳೇ ಹಾರ್ಡ್ ಡಿಸ್ಕ್ ಕೂರಿಸುತ್ತಾನೆ. ಹೊರಬಂದ ಡ್ರೈವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಕೈಗೆ ಕೊಡುತ್ತಾನೆ. ಅದು ಮನೆಗೆ ಬಂದು ಹಳೇ ಚಾರ್ಜರ್‌ಗಳ ಡಬ್ಬದಲ್ಲಿ ಮಲಗುತ್ತದೆ. ಬಿಸಾಡಿದವರೂ ಉಂಟು. ನಾನಾದರೆ ಆ ಕವರನ್ನು ಹುಡುಕಿ ತೆಗೆಯಿರಿ ಎನ್ನುತ್ತೇನೆ.

ಲ್ಯಾಪ್‌ಟಾಪಿನಿಂದ ನೀವೇ ಬಿಚ್ಚುವುದಾದರೂ ಅದು ದೊಡ್ಡ ವಿದ್ಯೆಯಲ್ಲ. ಚಾರ್ಜರ್ ಕಿತ್ತು, ಬ್ಯಾಟರಿ ತೆಗೆದು, ಲ್ಯಾಪ್‌ಟಾಪನ್ನು ಬಟ್ಟೆಯ ಮೇಲೆ ಬೋರಲು ಹಾಕಿ. ತಳದಲ್ಲಿ ಒಂದು ಸ್ಕ್ರೂ ಪಕ್ಕ ಡಿಸ್ಕಿನ ಸಣ್ಣ ಚಿತ್ರ ಅಚ್ಚು ಹಾಕಿರುತ್ತದೆ. ಹಳೇ ಮಾಡೆಲ್‌ಗಳಲ್ಲಿ ಬಹುಪಾಲು ಇಡೀ ಡ್ರೈವನ್ನು ಹಿಡಿದಿರುವುದು ಆ ಒಂದೇ ಸ್ಕ್ರೂ. ಅದನ್ನು ಬಿಚ್ಚಿ ಟ್ರೇ ಇರುವ ಕಡೆಯಿಂದ ಮೆಲ್ಲಗೆ ಎಳೆದರೆ ಡ್ರೈವ್ ಜಾರಿಕೊಂಡು ಹೊರಗೆ ಬರುತ್ತದೆ. ಹಿಂಬದಿಯಲ್ಲಿ ಒಂದು ಪುಟ್ಟ ತಗಡಿನ ಪಟ್ಟಿ ಇರುತ್ತದೆ, ಅದಕ್ಕೆ ಎರಡು ಚಿಕ್ಕ ಸ್ಕ್ರೂ. ಅದನ್ನೂ ಬಿಚ್ಚಿ ಪಕ್ಕಕ್ಕಿಡಿ. ಇನ್ನು ಮುಂಭಾಗದ ಪ್ಲಾಸ್ಟಿಕ್ ಮುಖ. ಲ್ಯಾಪ್‌ಟಾಪಿನ ಅಂಚಿನ ಸೊಟ್ಟಕ್ಕೆ ತಕ್ಕಂತೆ ಅದನ್ನು ಮಾಡಿರುತ್ತಾರೆ, ಹೊಸ ಡಬ್ಬಿಗೆ ಅದು ಸರಿಯಾಗಿ ಕೂರುವುದಿಲ್ಲ. ಟ್ರೇಯ ಮುಖದಲ್ಲಿ ಗುಂಡುಪಿನ್ ಹೋಗುವಷ್ಟು ಒಂದು ತೂತು ಕಾಣುತ್ತದೆಯಲ್ಲ, ಅದರೊಳಗೆ ನೇರ ಮಾಡಿದ ಪೇಪರ್ ಕ್ಲಿಪ್ ಒತ್ತಿದರೆ ಕರೆಂಟಿಲ್ಲದೆಯೂ ಟ್ರೇ ತೆರೆದುಕೊಳ್ಳುತ್ತದೆ. ತೆರೆದ ಟ್ರೇಯ ಹಿಂದಿನಿಂದ ಕೊಕ್ಕೆಗಳನ್ನು ಉಗುರಿನಲ್ಲಿ ಒತ್ತಿದರೆ ಮುಖ ಕಳಚುತ್ತದೆ. ಕೇಸಿಂಗ್ ಜೊತೆ ಬಂದ ಮುಖವನ್ನು ಅದೇ ಕೊಕ್ಕೆಗಳಿಗೆ ಸಿಕ್ಕಿಸಿ. ಅದು ಸೇರದಿದ್ದರೆ ಮುಖವಿಲ್ಲದೆಯೇ ಓಡಿಸಿ. ನೋಡಲು ಚೆಂದವಿಲ್ಲ, ಕೆಲಸಕ್ಕೆ ತೊಂದರೆಯಿಲ್ಲ.

ಟ್ರೇ ತೆರೆದಾಗ ಒಂದು ಎಚ್ಚರಿಕೆ. ನಡುವೆ ಗಾಜಿನ ಹನಿಯಷ್ಟು ಚಿಕ್ಕ ಲೆನ್ಸ್ ಕಾಣುತ್ತದೆ. ಅದನ್ನು ಬೆರಳಿನಿಂದ ಮುಟ್ಟಬೇಡಿ. ಸಣ್ಣ ತಂತಿಗಳ ಮೇಲೆ ತೇಲುತ್ತಾ ಡಿಸ್ಕಿನ ಏರಿಳಿತಕ್ಕೆ ತಕ್ಕಂತೆ ಅದು ಕುಣಿಯುತ್ತಿರುತ್ತದೆ. ಒತ್ತಿದರೆ ತಂತಿ ಬಾಗಿ ಡ್ರೈವ್ ಕೆಡುತ್ತದೆ. ಧೂಳಿದ್ದರೆ ಕ್ಯಾಮೆರಾ ಲೆನ್ಸಿಗೆ ಬಳಸುವ ರಬ್ಬರ್ ಪಂಪಿನಿಂದ ಊದಿ, ಬಾಯಿಂದಲ್ಲ.

ಕೇಸಿಂಗ್ ಕೊಳ್ಳುವ ಮುಂಚೆ ಎರಡು ಸಂಗತಿ ನೋಡಿ. ಒಂದು, ದಪ್ಪ. ಲ್ಯಾಪ್‌ಟಾಪ್ ಡ್ರೈವುಗಳು ಎರಡು ಅಳತೆಯವು: ಹಳೆಯವು 12.7 ಮಿ.ಮೀ., ಆಮೇಲೆ ಬಂದ ತೆಳ್ಳನೆಯವು 9.5 ಮಿ.ಮೀ. ತೆಳ್ಳನೆ ಡ್ರೈವ್ ದಪ್ಪ ಡಬ್ಬಿಯಲ್ಲಿ ಲೊಡ ಲೊಡ ಎನ್ನುತ್ತದೆ. ದಪ್ಪ ಡ್ರೈವ್ ತೆಳ್ಳನೆ ಡಬ್ಬಿಗೆ ಹೋಗುವುದೇ ಇಲ್ಲ. ಸ್ಕೇಲ್ ಇಟ್ಟು ಅಳೆಯಿರಿ. ಎರಡು, ಹಿಂಬದಿಯ ಕನೆಕ್ಟರ್. ಸಾಟಾ ಡ್ರೈವಿನಲ್ಲಿ ಚಪ್ಪಟೆಯಾದ ಎರಡು ನಾಲಗೆ ಇರುತ್ತವೆ, ಒಂದರಲ್ಲಿ ಡೇಟಾಕ್ಕೆ 7 ಪಿನ್, ಇನ್ನೊಂದರಲ್ಲಿ ಕರೆಂಟಿಗೆ 6. ಹಾರ್ಡ್ ಡಿಸ್ಕಿನಲ್ಲಿ ಕರೆಂಟಿನ ಕಡೆ 15 ಪಿನ್ ಇರುವುದರಿಂದ ಹಾರ್ಡ್ ಡಿಸ್ಕಿನ ಕೇಸಿಂಗ್ ತಂದರೆ ಇದಕ್ಕೆ ಹೊಂದುವುದಿಲ್ಲ. ಇನ್ನೂ ಹಳೆಯ ಐಡಿಇ ಡ್ರೈವಿನಲ್ಲಿ 50 ಪಿನ್ನಿನ ಉದ್ದನೆಯ ಕನೆಕ್ಟರ್ ಇರುತ್ತದೆ, ಅದಕ್ಕೆ ಕೇಸಿಂಗೇ ಬೇರೆ. ಅಂಗಡಿಯವನಿಗೆ ಬಾಯಲ್ಲಿ ವಿವರಿಸುವ ಬದಲು ಡ್ರೈವಿನ ಬೆನ್ನಿನ ಫೋಟೊ ತೆಗೆದು ಮೊಬೈಲಿನಲ್ಲಿ ತೋರಿಸಿ. ಸಾಮಾನ್ಯ ಕೇಸಿಂಗ್ ನಾಲ್ಕೈನೂರು ರೂಪಾಯಿಗೆ ಸಿಗುತ್ತದೆ. ಒಳಗೆ ಇರುವುದು ಒಂದು ಸಣ್ಣ ಬೋರ್ಡ್, ಅದರ ಮೇಲೊಂದು ಚಿಪ್. ಡ್ರೈವಿನ ಸಾಟಾ ಭಾಷೆಯನ್ನು ಯುಎಸ್‌ಬಿಗೆ ತಿರುಗಿಸುವುದು ಅದರ ಕೆಲಸ.

ಹೊಸದಾಗಿ ಹಾಕಿಕೊಂಡವರಿಗೆ ಬರುವ ತೊಂದರೆಯಲ್ಲಿ ಮುಕ್ಕಾಲು ಪಾಲು ಕರೆಂಟಿನದು. ಡ್ರೈವಿನ ಲೇಬಲ್ ಓದಿ, 5 ವೋಲ್ಟ್, 1.5 ಆಂಪಿಯರ್ ಎಂದು ಬರೆದಿರುವುದು ಸಾಮಾನ್ಯ. ಅಷ್ಟೂ ಸದಾ ಬೇಕಾಗುವುದಿಲ್ಲ, ಡಿಸ್ಕ್ ತಿರುಗಲು ಶುರುವಾಗುವ ಗಳಿಗೆಯಲ್ಲಿ ಮತ್ತು ರೈಟ್ ಮಾಡುವಾಗ ಹೆಚ್ಚು ಎಳೆಯುತ್ತದೆ. ಹಳೇ ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದು ಅರ್ಧ ಆಂಪಿಯರ್, 3.0 ಪೋರ್ಟ್ 0.9 ಆಂಪಿಯರ್. ಸಾಲದೇ ಬಂದಾಗ ಡ್ರೈವ್ ಟಿಕ್ ಟಿಕ್ ಎನ್ನುತ್ತದೆ, ಡಿಸ್ಕ್ ಒಂದು ಸುತ್ತು ತಿರುಗಿ ನಿಲ್ಲುತ್ತದೆ, ಕಂಪ್ಯೂಟರಿನಲ್ಲಿ ಡ್ರೈವ್ ಕಾಣಿಸಿಕೊಂಡು ಮಾಯವಾಗುತ್ತದೆ. ‘ಡಿಸ್ಕ್ ಹೋಗಿದೆ’ ಎಂದು ಜನ ತೀರ್ಮಾನ ಮಾಡಿಬಿಡುತ್ತಾರೆ. ಡಿಸ್ಕ್ ಚೆನ್ನಾಗಿಯೇ ಇರುತ್ತದೆ. ಕೇಸಿಂಗ್ ಜೊತೆ ಎರಡು ಕೊಂಬಿನ ಕೇಬಲ್ ಬಂದಿದ್ದರೆ ಎರಡನೆಯ ಕೊಂಬನ್ನೂ ಇನ್ನೊಂದು ಪೋರ್ಟಿಗೆ ಚುಚ್ಚಿ, ಅದು ಕರೆಂಟಿಗೆಂದೇ ಕೊಟ್ಟಿರುವುದು. ಡೆಸ್ಕ್‌ಟಾಪ್ ಆದರೆ ಮುಂಭಾಗದ ಪೋರ್ಟ್ ಬಿಟ್ಟು ಹಿಂಭಾಗದ್ದನ್ನು ಬಳಸಿ. ಉದ್ದನೆ ಎಕ್ಸ್‌ಟೆನ್ಷನ್ ಕೇಬಲ್, ಅಡಾಪ್ಟರ್ ಇಲ್ಲದ ಹಬ್ ಬೇಡವೇ ಬೇಡ.

ಕರೆಂಟಿನ ವಿಷಯದಲ್ಲಿ ನಮ್ಮೂರಿಗೆ ಒಂದು ಲಾಭವೂ ಇದೆ. ಡ್ರೈವ್ ಲ್ಯಾಪ್‌ಟಾಪಿನಿಂದಲೇ ಜೀವ ಹೀರುವುದರಿಂದ ಮಧ್ಯಾಹ್ನ ಲೈನ್ ಹೋದರೂ ಕಾಪಿ ನಿಲ್ಲುವುದಿಲ್ಲ. ಕಂಪ್ಯೂಟರ್ ಕ್ಯಾಬಿನೆಟ್ಟಿನ ದೊಡ್ಡ ಡ್ರೈವಿಗೆ ಈ ಭಾಗ್ಯವಿಲ್ಲ. ಅದಕ್ಕೆ 5 ವೋಲ್ಟಿನ ಜೊತೆ 12 ವೋಲ್ಟೂ ಬೇಕು, ಆದ್ದರಿಂದ ಗೋಡೆಗೆ ಚುಚ್ಚುವ ಅಡಾಪ್ಟರ್ ಇರುವ ದೊಡ್ಡ ಕೇಸಿಂಗೇ ಆಗಬೇಕು. ಜಾಗ ಹಿಡಿದರೂ ಪರವಾಗಿಲ್ಲ ಎನ್ನುವವರಿಗೆ ನಾನು ಅದನ್ನೂ ಶಿಫಾರಸು ಮಾಡುತ್ತೇನೆ. ಗೀರು ಬಿದ್ದ ಡಿಸ್ಕನ್ನು ಆ ದಪ್ಪ ಡ್ರೈವುಗಳು ಓದುವಷ್ಟು ಚೆನ್ನಾಗಿ ಇವತ್ತಿನ ತೆಳ್ಳನೆಯವು ಓದುವುದನ್ನು ನಾನಂತೂ ನೋಡಿಲ್ಲ.

ಪಕ್ಕದ ಹಳ್ಳಿಯ ಒಬ್ಬ ಹಿರಿಯರು ಒಂದು ವಿಸಿಡಿ ತಂದಿದ್ದರು. ವಿದುರಾಶ್ವತ್ಥದಲ್ಲಿ ಅವರ ಮನೆಯವರು ನಾಗಪ್ರತಿಷ್ಠೆ ಮಾಡಿಸಿದ್ದು. ಮೊದಲು ದೊಡ್ಡ ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಿತ್ತಂತೆ, ಆಮೇಲೆ ಹಿಂದೂಪುರದಲ್ಲಿ ಸಿಡಿಗೆ ಹಾಕಿಸಿ ಕ್ಯಾಸೆಟ್ಟನ್ನು ಎಸೆದಿದ್ದಾರೆ. ‘ಇದಿ ಪನಿ ಚೇಸ್ತುಂದಾ ನಾಯ್ನಾ?’ (ಇದು ಕೆಲಸ ಮಾಡುತ್ತಾ ಅಪ್ಪಾ?) ಎಂದು ತೆಲುಗಿನಲ್ಲಿ ಶುರು ಮಾಡಿ, ‘ನಮ್ಮ ತಾಯಿ ಮಾತಾಡೋದು ಇದೊಂದ್ರಲ್ಲೇ ಇರೋದು, ನೋಡಪ್ಪ’ ಎಂದು ಕನ್ನಡದಲ್ಲಿ ಮುಗಿಸಿದರು. ನಮ್ಮ ಕಡೆ ಮಾತು ಹಾಗೆಯೇ.

ವಿದುರಾಶ್ವತ್ಥ ಎಂದರೆ ಹೊರಗಿನವರಿಗೆ 1938ರ ಏಪ್ರಿಲ್ 25ರ ಗೋಲಿಬಾರ್ ನೆನಪಾಗುತ್ತದೆ. ನಮಗೆ ಅಲ್ಲಿನ ಅಶ್ವತ್ಥಮರ, ಅದರ ಸುತ್ತ ಸಾಲು ಸಾಲು ನಾಗರಕಲ್ಲುಗಳು. ಆ ಹಳೇ ಮರ 2001ರಲ್ಲಿ ಬಿದ್ದುಹೋಯಿತು. ಈ ಪೂಜೆ ನಡೆದದ್ದು ಅದಕ್ಕೂ ಮುಂಚೆ. ಎಂದರೆ ಡಿಸ್ಕಿನಲ್ಲಿ ಅವರ ತಾಯಿಯ ಜೊತೆಗೆ ನಿಂತ ಮರವೂ ಇರಬೇಕು.

ಡಿಸ್ಕ್ ಹಿಡಿದು ಬೆಳಕಿಗೆ ನೋಡಿದೆ. ಕೆಳಮುಖದಲ್ಲಿ ಗೀರುಗಳು ವೃತ್ತಾಕಾರದಲ್ಲಿದ್ದವು, ಯಾರೋ ಸೆರಗಿನಲ್ಲೋ ಪಂಚೆಯಲ್ಲೋ ದುಂಡಗೆ ಒರೆಸಿದ್ದಾರೆ. ಡಿಸ್ಕಿನಲ್ಲಿ ಮಾಹಿತಿ ಸುರುಳಿಯಾಗಿ ಸುತ್ತಿಕೊಂಡಿರುತ್ತದೆ. ಅಡ್ಡಗೀರು ಪ್ರತಿ ಸುತ್ತಿನಲ್ಲಿ ಚೂರು ಚೂರೇ ತಿನ್ನುವುದರಿಂದ ಡ್ರೈವ್ ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ಸುತ್ತಿನ ಉದ್ದಕ್ಕೂ ಹೋದ ಗೀರು ಒಂದೇ ಕಡೆ ಬಹಳ ತಿಂದುಬಿಡುತ್ತದೆ. ಅದಕ್ಕೇ ಒರೆಸುವಾಗ ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು. ಮೆತ್ತನೆ ಒಣ ಬಟ್ಟೆ ಸಾಕು, ಜಿಡ್ಡಿದ್ದರೆ ಸ್ವಲ್ಪ ಸೋಪಿನ ನೀರು.

ಮೇಲ್ಮುಖವನ್ನೂ ನೋಡಬೇಕು. ಸಿಡಿಯಲ್ಲಿ ಮಾಹಿತಿಯ ಪದರ ಇರುವುದು ಹೆಸರು ಬರೆಯುವ ಮೇಲ್ಭಾಗಕ್ಕೆ ಅಂಟಿಕೊಂಡೇ, 1.2 ಮಿ.ಮೀ. ಪ್ಲಾಸ್ಟಿಕ್ಕಿನ ಅಷ್ಟೂ ದಪ್ಪ ಕೆಳಗಿದೆ, ಮೇಲೆ ಬರೀ ಒಂದು ಲ್ಯಾಕರ್ ಪದರ. ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದರೆ ನೇರ ಮಾಹಿತಿಗೇ ಏಟು. ಕೆಳಗಿನ ಗೀರನ್ನು ಉಜ್ಜಿ ನಯ ಮಾಡಬಹುದು, ಮೇಲಿನ ಪದರ ಎದ್ದುಬಂದರೆ ಮುಗಿಯಿತು. ಡಿವಿಡಿಯಲ್ಲಿ ಮಾಹಿತಿ ಎರಡು 0.6 ಮಿ.ಮೀ. ಹಲ್ಲೆಗಳ ನಡುವೆ ಭದ್ರವಾಗಿರುತ್ತದೆ. ಡಿವಿಡಿಯ ಕಾಟ ಬೇರೆ: ಗಂಡುಹೆಣ್ಣಿನ ಫೋಟೊ ಇರುವ ದುಂಡು ಸ್ಟಿಕ್ಕರ್. ನಮ್ಮ ಕಾಲದ ಸ್ಟುಡಿಯೊಗಳ ಷೋಕಿ ಅದು. ವರ್ಷಗಳು ಕಳೆದಂತೆ ಸ್ಟಿಕ್ಕರ್ ಮುದುರಿ ಡಿಸ್ಕನ್ನೇ ಬಗ್ಗಿಸುತ್ತದೆ. ಕಿತ್ತು ತೆಗೆಯಲು ಹೋಗಬೇಡಿ, ಪದರವೂ ಜೊತೆಗೆ ಬಂದೀತು. ಆದಷ್ಟು ಕಡಿಮೆ ವೇಗದಲ್ಲಿ ಓದಿಸಿ. 24 ಪಟ್ಟು ವೇಗದಲ್ಲಿ ಸಿಡಿ ನಿಮಿಷಕ್ಕೆ 5000 ಸುತ್ತಿನ ಆಸುಪಾಸು ತಿರುಗುತ್ತದೆ, ಬಾಗಿದ ಡಿಸ್ಕ್ ಆ ವೇಗದಲ್ಲಿ ಡಬ್ಬಿಯನ್ನೇ ಮೇಜಿನ ಮೇಲೆ ಕುಣಿಸುತ್ತದೆ.

ಹಿರಿಯರ ವಿಸಿಡಿ ಕಪ್ಪು ಡಬ್ಬಿಯಲ್ಲಿ ಅರ್ಧದವರೆಗೆ ಬಂತು, ಆಮೇಲೆ ಗೊರ ಗೊರ ಎನ್ನುತ್ತಾ ನಿಂತಿತು. ಆಗ ಹೊರಗಿನ ಡಬ್ಬಿಯ ನಿಜವಾದ ಉಪಯೋಗ ಬಂತು. ಕಂಪ್ಯೂಟರಿನೊಳಗೆ ಡ್ರೈವ್ ಇದ್ದರೆ ಒಂದೇ. ಡಬ್ಬಿಯಾದರೆ ಕಿತ್ತು ಇನ್ನೊಂದನ್ನು ಚುಚ್ಚಬಹುದು. ಒಬ್ಬ ಡಾಕ್ಟರ ಚೀಟಿ ಈ ಮೆಡಿಕಲ್ ಸ್ಟೋರಿನವನಿಗೆ ಅರ್ಥವಾಗದೆ ಆ ಸ್ಟೋರಿನವನಿಗೆ ಅರ್ಥವಾಗುವ ಹಾಗೆ, ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದುವುದುಂಟು. ಲೇಸರಿನ ಹರಿತ, ಲೆನ್ಸಿನ ಸವೆತ, ತಪ್ಪು ತಿದ್ದುವ ಲೆಕ್ಕ, ಎಲ್ಲ ಒಂದೊಂದರಲ್ಲಿ ಒಂದೊಂದು ತರಹ. ಲಿನಕ್ಸಿನಲ್ಲಿ ‘ಡಿಡಿರೆಸ್ಕ್ಯೂ’ ಎಂಬ ಉಚಿತ ತಂತ್ರಾಂಶವಿದೆ. ಡಿಸ್ಕಿನ ಯಾವ ಯಾವ ಜಾಗ ಓದಿಯಾಯಿತು, ಯಾವುದು ಬಾಕಿ ಎಂದು ಅದು ಒಂದು ಕಡತದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಡ್ರೈವ್ ಬದಲಿಸಿ ಮತ್ತೆ ಓಡಿಸಿದರೆ ಬಾಕಿ ಇದ್ದಷ್ಟನ್ನೇ ಹುಡುಕುತ್ತದೆ. ಡೇಟಾ ಸಿಡಿಗೂ ಡಿವಿಡಿಗೂ ಅದು ರಾಮಬಾಣ. ವಿಸಿಡಿಯ ವಿಡಿಯೊ ಟ್ರ್ಯಾಕ್ ಮಾತ್ರ ಬೇರೆ ಜಾತಿ. 1993ರಲ್ಲಿ ಬಂದ ಈ ಮಾದರಿಯಲ್ಲಿ, ಮಾಮೂಲಿ ಸಿಡಿಯ ಪ್ರತಿ ತುಣುಕಿನಲ್ಲೂ ತಪ್ಪು ತಿದ್ದಲು ಮೀಸಲಿಡುವ ಜಾಗವನ್ನೂ ವಿಡಿಯೊಗೇ ಬಳಸಿದ್ದಾರೆ. 2048 ಬೈಟ್ ಇರಬೇಕಾದ ಕಡೆ 2324 ತುಂಬಿದ್ದಾರೆ. ಹಾಗಾಗಿ ಅದರಲ್ಲಿ ‘ಎಂಪೆಗ್‌ಎವಿ’ ಎಂಬ ಫೋಲ್ಡರ್ ತೆರೆದು ಒಳಗಿನ ‘ಡ್ಯಾಟ್’ ಕಡತವನ್ನು ನೇರ ನಕಲು ಮಾಡಿಕೊಳ್ಳುವುದೇ ಸರಿ. ದೊಡ್ಡ ಡ್ರೈವಿನಲ್ಲಿ ಹಾಕಿದಾಗ ಅದು ಪೂರ್ತಿ ಬಂತು. ಎರಡು ಮೂರು ಕಡೆ ಚಿತ್ರ ಚೌಕ ಚೌಕವಾಗಿ ಒಡೆದಿದೆ. ತಾಯಿಯ ಮಾತು ಇದೆ. ಮರವೂ ಇದೆ.

ಡಿವಿಡಿಯ ಕೆಲಸ ಇದಕ್ಕಿಂತ ಸುಲಭ. ಮದುವೆ ಡಿವಿಡಿಯಲ್ಲಿ ‘ವಿಡಿಯೊ ಟಿಎಸ್’ ಎಂಬ ಫೋಲ್ಡರ್ ಇರುತ್ತದೆ. ಅದರೊಳಗೆ ಒಂದೊಂದೂ ಒಂದು ಜಿಬಿ ಮೀರದಂತೆ ಕತ್ತರಿಸಿದ ‘ವಾಬ್’ ಕಡತಗಳು. ಫೋಲ್ಡರನ್ನು ಇಡಿಯಾಗಿ ಹಾರ್ಡ್ ಡಿಸ್ಕಿಗೆ ಹಾಕಿಕೊಳ್ಳಿ. ವಿಎಲ್‌ಸಿ ಪ್ಲೇಯರ್ ಅದನ್ನು ಡಿವಿಡಿಯೆಂದೇ ತಿಳಿದು ಆಡಿಸುತ್ತದೆ. ಮೊಬೈಲಿಗೆ, ವಾಟ್ಸಾಪಿಗೆ ಬೇಕೆಂದರೆ ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಿಂದ ಎಂಪಿ4 ಮಾಡಿ. ಆದರೆ ಮೂಲ ಫೋಲ್ಡರನ್ನು ಅಳಿಸಬೇಡಿ, ಎಂಪಿ4 ಮಾಡುವಾಗ ಚಿತ್ರದ ಗುಣ ಸ್ವಲ್ಪ ಇಳಿಯುತ್ತದೆ, ಅದನ್ನು ಆಮೇಲೆ ವಾಪಸ್ ತರಲಾಗದು. ಅಂದ ಹಾಗೆ, ಸಿನಿಮಾ ಡಿವಿಡಿ ತಂದು ನೂರು ಕಾಪಿ ಹೊಡೆದುಕೊಡಿ ಎನ್ನುವವರಿಗೆ ನನ್ನ ಉತ್ತರ ಆಗಲ್ಲ ಎಂದು. ಅದು ಕಳ್ಳತನ.

ಯುಎಸ್‌ಬಿ 2.0 ಹಳತು, ನಿಧಾನವಾಗದೇ ಎಂದು ಹುಡುಗರು ಕೇಳುತ್ತಾರೆ. 8 ಪಟ್ಟು ವೇಗದಲ್ಲಿ ಓದುವ ಡಿವಿಡಿ ಡ್ರೈವ್ ಸೆಕೆಂಡಿಗೆ ಕೊಡುವುದು 11 ಎಂಬಿ ಮಾತ್ರ. ಯುಎಸ್‌ಬಿ 2.0 ಕೇಬಲ್ಲಿಗೆ ಅದು ಯಾವ ಲೆಕ್ಕ? ವೇಗಕ್ಕೆಂದು ದುಬಾರಿ ಕೇಸಿಂಗ್ ಕೊಳ್ಳಬೇಡಿ. ಕರೆಂಟ್ ಹೆಚ್ಚು ಸಿಗುತ್ತದೆಂದು 3.0 ಪೋರ್ಟಿಗೆ ಚುಚ್ಚುವುದು ಬೇರೆ ಮಾತು.

ಮದುವೆ, ನಾಟಕಗಳಿಗಿಂತ ಮುಖ್ಯವಾದ ಡಿಸ್ಕ್ ಒಂದಿದೆ, ಸ್ಕ್ಯಾನಿಂಗ್ ಸಿಡಿ. ಬೆಂಗಳೂರಿಗೋ ಪುಟ್ಟಪರ್ತಿಗೋ ಹೋಗಿ ಎಂಆರ್‌ಐ, ಸಿಟಿ ಮಾಡಿಸಿಕೊಂಡು ಬಂದವರ ಕೈಯಲ್ಲಿ ಫಿಲ್ಮಿನ ಜೊತೆ ಒಂದು ಸಿಡಿ ಇರುತ್ತದೆ. ಮುಂದಿನ ಸಲ ಬೇರೆ ಡಾಕ್ಟರ್ ‘ಸಿಡಿ ಇದೆಯಾ’ ಎನ್ನುತ್ತಾರೆ, ಅವರ ಲ್ಯಾಪ್‌ಟಾಪಿನಲ್ಲಿ ಡ್ರೈವ್ ಇರುವುದಿಲ್ಲ. ಮಗ ಅಂಗಡಿಗೆ ಓಡಿ ಬಂದು ‘ಅಣ್ಣಾ, ಇದನ್ನ ಪೆನ್‌ಡ್ರೈವಿಗೆ ಹಾಕಿಕೊಡಿ’ ಎನ್ನುತ್ತಾನೆ. ಇಲ್ಲಿ ಒಂದು ತಪ್ಪು ಎಲ್ಲ ಕಡೆ ನಡೆಯುತ್ತದೆ: ಸಿಡಿ ತೆರೆದು ಚಿತ್ರದ ಹಾಗೆ ಕಂಡದ್ದನ್ನಷ್ಟೇ ನಕಲು ಮಾಡುವುದು, ಇಲ್ಲವೇ ಪರದೆಯ ಫೋಟೊ ಹೊಡೆದು ಕಳಿಸುವುದು. ಸ್ಕ್ಯಾನ್ ಚಿತ್ರಗಳು ಡೈಕಾಮ್ ಎಂಬ ಮಾದರಿಯಲ್ಲಿರುತ್ತವೆ, ಕಡತದ ಹೆಸರಿಗೆ ಬಾಲವೂ ಇರುವುದಿಲ್ಲ. ‘ಡೈಕಾಮ್‌ಡಿರ್’ ಎಂಬ ಒಂದು ಕಡತ ಯಾವ ಚಿತ್ರ ಎಲ್ಲಿದೆ ಎಂಬ ಪಟ್ಟಿ. ಅದು ಬಿಟ್ಟುಹೋದರೆ ಡಾಕ್ಟರಿಗೆ ನೂರಾರು ಚಿತ್ರಗಳ ಲೆಕ್ಕ ಸುಲಭವಾಗಿ ಸಿಗುವುದಿಲ್ಲ. ಸಿಡಿಯಲ್ಲಿ ಏನಿದೆಯೋ ಅಷ್ಟನ್ನೂ, ನೋಡುವ ತಂತ್ರಾಂಶವೂ ಸೇರಿ, ಒಂದು ಫೋಲ್ಡರಿಗೆ ಹಾಕಿ ರೋಗಿಯ ಹೆಸರು, ತಾರೀಖು ಬರೆಯಿರಿ. ಅಂಗಡಿಯಲ್ಲಿ ಮಾಡಿಸಿದರೆ, ಅವರ ಕಂಪ್ಯೂಟರಿನಲ್ಲಿ ಉಳಿದ ಕಾಪಿಯನ್ನು ನಿಮ್ಮೆದುರೇ ಅಳಿಸಲು ಹೇಳಿ. ಯಾರ ತಲೆಯಲ್ಲಿ ಏನು ಗಡ್ಡೆ ಇದೆ ಎನ್ನುವುದು ಜೆರಾಕ್ಸ್ ಅಂಗಡಿಯ ಆಸ್ತಿಯಲ್ಲ.

ಇನ್ನೊಂದು ಬಗೆ, ಬರಹದ ಸಿಡಿಗಳು. ಯುವಕ ಸಂಘದ ಸ್ಮರಣ ಸಂಚಿಕೆ, ಮೇಷ್ಟರೊಬ್ಬರು ಟೈಪ್ ಮಾಡಿಸಿಟ್ಟ ಊರಿನ ಇತಿಹಾಸ, ಭಜನೆ ತಂಡದ ಹಾಡಿನ ಪಟ್ಟಿ. ಡ್ರೈವ್ ಚೆನ್ನಾಗಿ ಓದುತ್ತದೆ, ಕಡತವೂ ತೆರೆಯುತ್ತದೆ, ಪರದೆಯ ಮೇಲೆ ಮಾತ್ರ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಂತೆ. ಸಿಡಿ ಕೆಟ್ಟಿಲ್ಲ. ಆಗ ಯೂನಿಕೋಡ್ ಇಲ್ಲದೆ ನುಡಿ ಅಥವಾ ಬರಹ ತಂತ್ರಾಂಶದ ಫಾಂಟಿನಲ್ಲಿ ಟೈಪ್ ಮಾಡಿದ್ದಾರೆ. ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು 1998ರಲ್ಲಿ ತಂದ ಬರಹ. ಆ ಫಾಂಟ್ ಹಾಕಿದರೆ ಅಕ್ಷರ ಕಾಣುತ್ತದೆ, ಪರಿವರ್ತಕದಿಂದ ಯೂನಿಕೋಡಿಗೆ ತಿರುಗಿಸಿದರೆ ಮೊಬೈಲಿನಲ್ಲೂ ಓದಬಹುದು. ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ ತಿದ್ದಬೇಕು.

ಜಗಳ, ಜಮೀನು, ಚುನಾವಣೆಯ ವ್ಯಾಜ್ಯದ ಸಿಡಿ ತಂದರೆ ನಾನು ಕೈ ಹಾಕುವ ಮುಂಚೆ ವಕೀಲರನ್ನು ಕೇಳಿ ಬನ್ನಿ ಎನ್ನುತ್ತೇನೆ. ಕೇರಳದ ಒಂದು ಚುನಾವಣಾ ತಕರಾರಿನಲ್ಲಿ ಹಾಜರುಪಡಿಸಿದ ಸಿಡಿಗಳನ್ನು, ಜೊತೆಗೆ ಕಾನೂನು ಕೇಳುವ ಪ್ರಮಾಣಪತ್ರ ಇಲ್ಲವೆಂದು 2014ರಲ್ಲಿ ಸುಪ್ರೀಂ ಕೋರ್ಟ್ ಸಾಕ್ಷ್ಯವಾಗಿ ಒಪ್ಪಲಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಪ್ರಮಾಣಪತ್ರ ಬೇಕೇ ಬೇಕು. ಇಂಥ ಡಿಸ್ಕಿನ ಮೂಲ ಕಾಪಿಯನ್ನು ಜೋಪಾನ ಮಾಡುವುದೇ ಮೊದಲ ಕೆಲಸ.

ಡಬ್ಬಿಯಿಂದ ಆಗದ್ದೂ ಇದೆ. ಟಿ.ವಿ.ಯ ಯುಎಸ್‌ಬಿಗೆ ಚುಚ್ಚಿದರೆ ಸಾಮಾನ್ಯವಾಗಿ ನಡೆಯುವುದಿಲ್ಲ, ಟಿ.ವಿ. ಪೆನ್‌ಡ್ರೈವನ್ನಷ್ಟೇ ಗುರುತಿಸುತ್ತದೆ. ಆಂಡ್ರಾಯ್ಡ್ ಮೊಬೈಲಿಗೂ ಅಷ್ಟೇ. ಡಿವಿಡಿ ರೈಟರ್ ಬ್ಲೂ-ರೇ ಓದದು. ಡಿವಿಡಿಯ ಲೇಸರ್ 650 ನ್ಯಾನೊಮೀಟರಿನ ಕೆಂಪು, ಬ್ಲೂ-ರೇಗೆ 405ರ ನೇರಳೆ ಬೇಕು. ಕ್ಯಾಮೆರಾದಲ್ಲೋ ರೆಕಾರ್ಡರಿನಲ್ಲೋ ರೈಟ್ ಮಾಡಿ ‘ಫೈನಲೈಸ್’ ಮಾಡದೆ ಬಿಟ್ಟ ಡಿಸ್ಕ್ ಖಾಲಿ ಎಂದು ತೋರಿಸಬಹುದು. ಅದನ್ನು ಖಾಲಿ ಎಂದು ನಂಬಿ ಮತ್ತೇನನ್ನೋ ರೈಟ್ ಮಾಡಬೇಡಿ, ಡಿಸ್ಕಿನ ಕೆಳಮುಖದಲ್ಲಿ ಬಣ್ಣ ಬದಲಾದ ಉಂಗುರ ಕಂಡರೆ ಒಳಗೆ ಏನೋ ಇದೆ. ಹೊರದೇಶದ ನೆಂಟರು ತಂದ ಸಿನಿಮಾ ಡಿವಿಡಿ ಹಾಕಿದಾಗ ರೀಜನ್ ಬದಲಿಸಲೇ ಎಂದು ಕೇಳಿದರೆ ಬೇಡ ಎನ್ನಿ. ಭಾರತದ್ದು 5ನೇ ರೀಜನ್, ಡ್ರೈವಿನಲ್ಲಿ ಅದನ್ನು ಐದೇ ಸಲ ಬದಲಿಸಬಹುದು, ಆಮೇಲೆ ಕೊನೆಯದೇ ಶಾಶ್ವತ. ಇನ್ನು ಹ್ಯಾಂಡಿಕ್ಯಾಮಿನ 8 ಸೆಂ.ಮೀ. ಪುಟ್ಟ ಡಿಸ್ಕುಗಳನ್ನು ಟ್ರೇಯ ನಡುವಿನ ಗುಬ್ಬಿಗೆ ಒತ್ತಿ ಕೂರಿಸಿದರೆ ಈ ಡ್ರೈವುಗಳು ಆರಾಮವಾಗಿ ಓದುತ್ತವೆ. ಡಿಸ್ಕ್ ಒಳಗೆ ನುಂಗುವ ಸ್ಲಾಟ್ ಮಾದರಿಗೆ ಮಾತ್ರ ಅದನ್ನು ಹಾಕಲೇಬೇಡಿ.

ಹಳೇ ಡ್ರೈವ್ ಸಿಗದವರಿಗೆ ಎರಡು ಸಾವಿರದ ಆಸುಪಾಸಿಗೆ ಹೊಸ ಎಕ್ಸ್‌ಟರ್ನಲ್ ರೈಟರ್ ಬರುತ್ತದೆ, ಅದನ್ನು ಕೊಳ್ಳುವುದರಲ್ಲಿ ತಪ್ಪೇನಿಲ್ಲ. ಮನೆಯಲ್ಲಿ ಸತ್ತ ಲ್ಯಾಪ್‌ಟಾಪ್ ಇದ್ದರೆ ಮಾತ್ರ ಹಣ ಹಾಕಬೇಡಿ, ಅದರ ಹೊಟ್ಟೆಯಲ್ಲಿರುವುದು ಬಹಳ ಸಲ ಹೊಸದಕ್ಕಿಂತ ಗಟ್ಟಿ.

ರೈಟ್ ಮಾಡಿದ ಡಿಸ್ಕಿನಲ್ಲಿ ಮಾಹಿತಿ ನಿಂತಿರುವುದು ಒಂದು ಬಣ್ಣದ ಪದರದ ಮೇಲೆ. ಬಿಸಿಲು, ಸೆಕೆ, ತೇವ ಅದನ್ನು ದಿನೇ ದಿನೇ ಮಾಸಿಸುತ್ತವೆ. ನಮ್ಮ ಕಡೆಯ ಷೀಟಿನ ಮನೆಗಳಲ್ಲಿ ಬೇಸಿಗೆಯ ಬೀರು ಎಷ್ಟು ಕಾಯುತ್ತದೆಂದು ನಾನು ಹೇಳಬೇಕಿಲ್ಲ. ಹಾಗಾಗಿ ಹಬ್ಬಕ್ಕೆ ಮನೆ ಸಾರಿಸುವಾಗ ಡಿಸ್ಕುಗಳನ್ನೆಲ್ಲ ಒಂದು ಕಡೆ ಹಾಕಿ. ಮೊದಲು ಸ್ಕ್ಯಾನಿಂಗ್ ಸಿಡಿ, ಆಮೇಲೆ ತೀರಿಹೋದವರು ಇರುವ ವಿಡಿಯೊ, ಕೊನೆಗೆ ಮಿಕ್ಕದ್ದು, ಈ ಕ್ರಮದಲ್ಲಿ ಕಾಪಿ ಮಾಡಿಸಿ. ಒಂದು ಕಾಪಿ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಬೇರೆ ಊರಿನಲ್ಲಿರುವ ಮಗಳ ಮನೆಯಲ್ಲಿ ಇರಲಿ. ಹಳೇ ಲ್ಯಾಪ್‌ಟಾಪನ್ನು ಗುಜರಿಯವನ ತಕ್ಕಡಿಗೆ ಹಾಕುವ ಮುಂಚೆ ಆ ಒಂದು ಸ್ಕ್ರೂ ಬಿಚ್ಚಿ ಡ್ರೈವನ್ನು ಉಳಿಸಿಕೊಳ್ಳಿ.